ಶಾಸಕರ ಜಗಲಿಯಲ್ಲಿ ಪೌರನೀತಿ

ಹೋದ ತಿಂಗಳು ಮಳವಳ್ಳಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟಕ್ಕೆ ಕೂರುವ ಮುಂಚೆ ಕೈ ತೊಳೆಯೋಣ ಎಂದು ಕಲ್ಯಾಣ ಮಂಟಪದ ಹಿಂದಕ್ಕೆ ಹೋದರೆ, ಹಿಂದಿನ ಸಂಜೆಯ ಆರತಕ್ಷತೆಯ ಸುಗಂಧರಾಜದ ಹಾರಗಳನ್ನೆಲ್ಲ ನಲ್ಲಿಯ ಪಕ್ಕ ರಾಶಿ ಹಾಕಿದ್ದರು. ಒದ್ದೆ ದಾರ, ಕಂದಿದ ಹೂವು, ಆ ಸಿಹಿ ಕೊಳೆತ ವಾಸನೆ. ಮೂಗಿಗೆ ಬಡಿದದ್ದೇ ತಡ, ಸೆರಗು ಅಡ್ಡ ಹಿಡಿದೆ. ಹೂವಿನ ವಾಸನೆಗೆ ಜನ ದೇವರನ್ನು ನೆನೆಯುತ್ತಾರೆ. ನನಗೆ ನೆನಪಾಗುವುದು ಒಬ್ಬ ಶಾಸಕ, ಅವನ ಬನಿಯನ್ನು, ಮತ್ತು ನಮ್ಮಪ್ಪ.

ಶಾಸಕನ ಹೆಸರು ಹೇಳುವುದಿಲ್ಲ, ಯಾವ ಕ್ಷೇತ್ರದವನೆಂದೂ ಹೇಳುವುದಿಲ್ಲ. ಹೇಳಿದರೆ ಅವನ ಮೊಮ್ಮಕ್ಕಳು ಅದನ್ನೂ ಒಂದು ಸನ್ಮಾನ ಎಂದುಕೊಂಡಾರು. ಅಪ್ಪನ ವಿಷಯ ಹೇಳಲು ಮಾತ್ರ ನನಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಎಪ್ಪತ್ತರ ದಶಕದ ನಡುವಿನ ಒಂದು ಮಾಗಿ ಅದು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದು ಒಂದೆರಡು ವರ್ಷವಾಗಿತ್ತು. ನಮ್ಮ ಹಳೆಯ ಪೌರನೀತಿ ಪುಸ್ತಕದಲ್ಲಿ ಇನ್ನೂ ಮೈಸೂರು ರಾಜ್ಯ ಎಂದೇ ಇತ್ತು. ಅಪ್ಪ ನಮ್ಮನ್ನು ಸಾಲಾಗಿ ಕೂರಿಸಿ, ಪುಟ ಪುಟದಲ್ಲೂ ಮೈಸೂರನ್ನು ಸ್ಕೇಲಿಟ್ಟು ಹೊಡೆದುಹಾಕಿಸಿ, ಮೇಲೆ ಕರ್ನಾಟಕ ಎಂದು ಬರೆಸಿದರು. ಎರಡು ದಿನ ಹಿಡಿಯಿತು. ರಾಜ್ಯವನ್ನು ತಾವೇ ಕಟ್ಟಿದಂತೆ ಆಮೇಲೆ ಕಾಫಿ ಕೇಳಿದರು.

ನಮ್ಮ ಮನೆ ಮದ್ದೂರಿನಲ್ಲಿ, ಅಪ್ಪ ಅಲ್ಲಿಂದಾಚೆ ಒಂದು ಹಳ್ಳಿಯಲ್ಲಿ ಮೇಷ್ಟ್ರಾಗಿದ್ದವರು. ಒಂದು ಸ್ವಾತಂತ್ರ್ಯ ದಿನಾಚರಣೆಯಲ್ಲಿ ಇವರ ಕುರ್ಚಿಯನ್ನು ಎರಡನೇ ಸಾಲಿನಲ್ಲಿ ಹಾಕಿದರು ಎಂದು ಹೆಡ್ ಮೇಷ್ಟ್ರ ಜೊತೆ ಜಗಳವಾಡಿ, ಧ್ವಜ ಇಳಿಸುವ ಮುಂಚೆಯೇ ರಾಜೀನಾಮೆ ಬರೆದುಕೊಟ್ಟು ಬಂದರು. ಅಜ್ಜ ಪೇಟೆಯಲ್ಲಿ ಬಿಟ್ಟುಹೋಗಿದ್ದ ಎರಡು ಮಳಿಗೆಯ ಬಾಡಿಗೆ ಬರುತ್ತಿದ್ದರಿಂದ ಅವರಿಗೆ ಅಷ್ಟು ಸ್ವಾಭಿಮಾನ ಸಾಧ್ಯವಾಯಿತು. ಮಾರನೆಯ ದಿನ ನನ್ನನ್ನೂ ತಂಗಿ ಲಲಿತಳನ್ನೂ ಶಾಲೆ ಬಿಡಿಸಿದರು. "ನಿಜವಾದ ಪ್ರಜೆಗಳನ್ನ ಮನೇಲೇ ತಯಾರು ಮಾಡ್ತೀನಿ," ಅಂದರು. ನಡುಮನೆಗೆ ಕಪ್ಪು ಹಲಗೆ ಬಂತು, ಬಾಗಿಲಿಗೆ ಗಂಟೆ ಬಂತು. ಪಾಠ ಶುರುವಾಗಲು ಗಂಟೆ, ಊಟಕ್ಕೆ ಗಂಟೆ. ಹಿತ್ತಿಲಿಗೆ ಹೋಗಬೇಕಾದರೆ ಎದ್ದುನಿಂತು ಕಾರಣ ಹೇಳಬೇಕಿತ್ತು.

ಚಿಕ್ಕರಸಿನಕೆರೆಯ ಚನ್ನೇಗೌಡರಿಗೆ ಈ ಸುದ್ದಿ ಮುಟ್ಟಿತು. ಅವರ ಮಗಳು ಜಯಮ್ಮ ಏಳನೇ ಕ್ಲಾಸು ಮುಗಿಸಿ, ಮೈನೆರೆದಳು ಎಂದು ಮನೆಯಲ್ಲಿ ಕೂತಿದ್ದಳು. ಗಂಡುಹುಡುಗರು ತುಂಬಿದ ಹೈಸ್ಕೂಲಿಗೆ ಹೋದರೆ ಗೌಡರ ಮರ್ಯಾದೆ ಹೋಗುತ್ತಿತ್ತು, ಮೇಷ್ಟ್ರ ಮನೆಗೆ ಬಂದರೆ ಹೋಗುತ್ತಿರಲಿಲ್ಲ. ಹಾಗಾಗಿ ಜಯಿ ಮದ್ದೂರಿನ ಅತ್ತೆಯ ಮನೆಯಲ್ಲಿದ್ದುಕೊಂಡು ನಮ್ಮಲ್ಲಿಗೆ ಬರತೊಡಗಿದಳು. ನನಗೂ ಅವಳಿಗೂ ಒಂದೇ ವಯಸ್ಸು. ಲೆಕ್ಕದಲ್ಲಿ ನಾನು ಪೆನ್ಸಿಲ್ ಕಚ್ಚುತ್ತಿರುವಾಗಲೇ ಅವಳು ಉತ್ತರ ಬರೆದು, "ಆಯ್ತು ಮೇಷ್ಟ್ರೇ," ಎಂದು ಸ್ಲೇಟು ಬೋರಲು ಹಾಕುತ್ತಿದ್ದಳು. ಓದಿ ಮೇಡಮ್ಮ ಆಗಬೇಕು ಎಂದು ಅವಳ ಆಸೆ. ನನಗೆ ಅಂಥದ್ದೇನೂ ಆಸೆ ಇರಲಿಲ್ಲ. ಅಪ್ಪ ಹೇಳಿದ್ದರು, ಓದುತ್ತಿದ್ದೆ, ಅಷ್ಟೆ.

ಶನಿವಾರ ಮಧ್ಯಾಹ್ನ ನಮ್ಮ ನಡುಮನೆಯಲ್ಲಿ ಶಾಸನಸಭೆ ಸೇರುತ್ತಿತ್ತು. ಅಪ್ಪ ಸಭಾಧ್ಯಕ್ಷರು, ಇನ್ಯಾರು ಮತ್ತೆ. ನಾನು ಮುಖ್ಯಮಂತ್ರಿ, ಲಲಿತ ವಿರೋಧ ಪಕ್ಷ, ಜಯಿ ಸಾರ್ವಜನಿಕರು. ಒಂದು ಸಲ ಬೀದಿ ದೀಪದ ಮಸೂದೆ ಮತಕ್ಕೆ ಬಂದಾಗ ಜಯಿ ಅಡುಗೆಮನೆಯ ಕಡೆ ಕೈ ತೋರಿಸಿ, "ಮೇಷ್ಟ್ರೇ, ಅಮ್ಮಾರಿಗೂ ಒಂದು ಓಟು ಕೊಡಿ," ಅಂದಳು. ಒಳಗೆ ಒಗ್ಗರಣೆ ಚಟಪಟ ಅನ್ನುತ್ತಿತ್ತು. ಅಪ್ಪ ಕನ್ನಡಕ ಸರಿಮಾಡಿಕೊಂಡು, "ಸದನ ನಡೀತಿರುವಾಗ ಸಾರ್ವಜನಿಕರು ಮಾತಾಡಬಾರದು," ಅಂದರು. ಮಸೂದೆ ಅವಿರೋಧವಾಗಿ ಪಾಸಾಯಿತು.

ಹೀಗೆ ಎರಡು ಮೂರು ವರ್ಷ ಓದಿದ ಮೇಲೆ, ಆ ವರ್ಷ ನಾನೂ ಜಯಿಯೂ ಖಾಸಗಿಯಾಗಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕಟ್ಟಬೇಕಿತ್ತು. ಮಂಡ್ಯದ ಕಚೇರಿಗೆ ಕೊಡುವ ಅರ್ಜಿಗೆ ಎರಡು ಸಹಿ ಬೇಕು. ಈ ಹುಡುಗಿ ಇಂಥ ಊರಿನವಳು ಎಂದು ಗೆಜೆಟೆಡ್ ಅಧಿಕಾರಿಯೋ ಶಾಸಕರೋ ಹಾಕುವುದು ಒಂದು. ನನ್ನ ಬಳಿ ಓದಿದ್ದಾಳೆ, ನಡತೆ ಒಳ್ಳೆಯದು ಎಂದು ಪಾಠ ಹೇಳಿದವರು ಹಾಕುವುದು ಇನ್ನೊಂದು. ನನ್ನ ಅರ್ಜಿಗೆ ಅಪ್ಪನ ಸ್ನೇಹಿತರಾದ ಡಾಕ್ಟರೊಬ್ಬರು ಸಹಿ ಹಾಕಿಕೊಟ್ಟರು. ಚನ್ನೇಗೌಡರು ಜಯಿಯ ಅರ್ಜಿಯನ್ನು ಆಮೇಲೆ ನೋಡೋಣ, ಆಮೇಲೆ ನೋಡೋಣ ಎಂದು ತಳ್ಳಿ ತಳ್ಳಿ ತರುವಷ್ಟರಲ್ಲಿ ಡಾಕ್ಟರಿಗೆ ವರ್ಗವಾಗಿತ್ತು. ಗೌಡರು ಜಗಲಿಯ ಮೇಲೆ ಕೂತು ಇದ್ದದ್ದನ್ನು ಇದ್ದಹಾಗೆ ಹೇಳಿದರು.

"ನೋಡಿ ಸ್ವಾಮಿ, ಪರೀಕ್ಸೆಗೆ ಕಟ್ಟುದ್ಲು ಅಂದ್ರೆ ಇನ್ನೊಂದ್ ವರ್ಸ ತಡೀತೀನಿ. ಇಲ್ಲ ಅಂದ್ರೆ ನಮ್ ಬಾಮೈದ ಮಳವಳ್ಳೀಲಿ ಕಾಯ್ಕಂಡವ್ನೆ. ಸಂಕ್ರಾಂತಿ ಕಳೀತಿದ್ದಂಗೇ ಧಾರೆ ಎರ್ದುಬುಡ್ತೀನಿ."

ಒಳಗೆ ನನ್ನ ಪಕ್ಕ ಕೂತಿದ್ದ ಜಯಿ ನನ್ನ ಮೊಣಕೈ ಹಿಂಡಿದಳು. ಅವಳ ಉಗುರಿನ ಗುರುತು ಸಂಜೆಯವರೆಗೂ ಇತ್ತು.

ಅದೇ ವಾರ ಅಪ್ಪನಿಗೆ ಒಂದು ಯೋಚನೆ ಹೊಳೆಯಿತು. ಪೌರನೀತಿಯನ್ನು ಪುಸ್ತಕದಲ್ಲಿ ಓದಿದರೆ ಸಾಲದು, ಶಾಸಕರನ್ನು ಕಣ್ಣಾರೆ ಕಂಡು, ಮಾತಾಡಿಸಿ ಕಲಿಯಬೇಕು. ಎರಡು ಮನೆಯವರೂ ಮಂಡ್ಯಕ್ಕೆ ಹೋಗಿ ಅವರ ನಿವಾಸದಲ್ಲೇ ಭೇಟಿಯಾಗುವುದು. ಅಪ್ಪ ಮೂರು ರಾತ್ರಿ ಕೂತು, ಮೇಲೆ ತಮ್ಮ ಹೆಸರು ವಿಳಾಸ ಹಾಕಿ, ಹನ್ನೆರಡು ಪ್ರಶ್ನೆ ಬರೆದರು. 'ಶಾಸನಸಭೆಯ ಸದಸ್ಯರ ಕರ್ತವ್ಯಗಳಾವುವು?' 'ಮಸೂದೆಯು ಕಾಯಿದೆಯಾಗುವ ಹಂತಗಳಾವುವು?' ಎಲ್ಲದರ ಉತ್ತರವೂ ಪುಸ್ತಕದ ಮೂವತ್ತನೇ ಪುಟದಲ್ಲಿತ್ತು. ಅದು ಅವರಿಗೂ ಗೊತ್ತಿತ್ತು.

ಚನ್ನೇಗೌಡರ ಮುಖ ಅರಳಿತು. "ಅಂಗಾರೆ ಬೋ ಒಳ್ಳೇದಾಯ್ತು. ಅಂಗೇ ನಮ್ ಜಯೀದೂ ಒಂದ್ ಸಯಿ ಆಕಿಸ್ಕಂಡು ಬರೋವಾ."

"ಛೆ ಛೆ," ಅಂದರು ಅಪ್ಪ. "ಗೌಡರೇ, ನಾವು ಪ್ರಜೆಗಳಾಗಿ ಹೋಗ್ತಾ ಇದ್ದೀವಿ. ಅರ್ಜಿ ಹಿಡ್ಕೊಂಡು ಹಲ್ಲು ಗಿಂಜೋದಕ್ಕಲ್ಲ. ಸಹಿಗೆ ಬೇರೆ ಯಾರನ್ನಾದರೂ ನೋಡೋಣ."

ಬೇರೆ ಯಾರನ್ನು ನೋಡುವುದು ಎಂದು ಗೌಡರೂ ಕೇಳಲಿಲ್ಲ, ಅಪ್ಪನೂ ಹೇಳಲಿಲ್ಲ. ಅರ್ಜಿಯ ಕೊನೆಯ ದಿನಕ್ಕೆ ಒಂದು ವಾರ ಉಳಿದಿತ್ತು.

ಮಂಡ್ಯದಲ್ಲಿ ಬಸ್ಸಿಳಿದಾಗ ಮಂಜು ಇನ್ನೂ ಪೂರ್ತಿ ಹರಿದಿರಲಿಲ್ಲ. ಕಬ್ಬು ಅರೆಯುವ ಕಾಲ. ಗಾಡಿಗಳು ಒಂದರ ಹಿಂದೊಂದು ನಿಂತಿದ್ದವು, ಎತ್ತುಗಳ ಮೂಗಿನಿಂದ ಹೊಗೆ ಬರುತ್ತಿತ್ತು, ಊರಿಗೆ ಊರೇ ಸಕ್ಕರೆ ಕಾರ್ಖಾನೆಯ ಕಾಕಂಬಿ ನಾರುತ್ತಿತ್ತು. ಅಪ್ಪ ಇಸ್ತ್ರಿ ಮಾಡಿದ ಜುಬ್ಬ ಹಾಕಿಕೊಂಡು ಮುಂದೆ, ಚೌಕದ ಬಟ್ಟೆಯಲ್ಲಿ ಅಚ್ಚುಬೆಲ್ಲ ಕಟ್ಟಿಕೊಂಡ ಗೌಡರು ಹಿಂದೆ, ನಡುವೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದ ನಾವು ಮೂವರು. ಲಲಿತ ದಾರಿಯುದ್ದಕ್ಕೂ ಮಸೂದೆಯ ಹಂತಗಳನ್ನು ಗುನುಗುತ್ತಿದ್ದಳು. ಜಯಿ ಚೀಲವನ್ನು ಎದೆಗೆ ಒತ್ತಿಕೊಂಡು ನಡೆಯುತ್ತಿದ್ದಳು.

ಶಾಸಕರ ಮನೆಯ ಜಗಲಿಯಲ್ಲಿ ಮೂವತ್ತು ನಲವತ್ತು ಜನ. ಮೆಟ್ಟಿಲ ಕೆಳಗೆ ಚಪ್ಪಲಿ ರಾಶಿ. ಬಂದವರ ಕೈಯಲ್ಲೆಲ್ಲ ಒಂದು ನಿಂಬೆಹಣ್ಣು ಅಥವಾ ಒಂದು ಹಾರ, ಇನ್ನೊಂದು ಕೈಯಲ್ಲಿ ಕಾಗದ. ನಿಂಬೆಹಣ್ಣಾದರೂ ತೆಗೆದುಕೊಳ್ಳೋಣ ಎಂದ ಗೌಡರಿಗೆ ಅಪ್ಪ, "ಅದು ಪಾಳೇಗಾರರ ಕಾಲದ ಪದ್ಧತಿ," ಎಂದು ಗದರಿದರು. ಆ ಕಾಲ ಹೋಗಿಲ್ಲವೆಂದು ಜಗಲಿಯಲ್ಲಿದ್ದ ಹಸುಗೂಸಿಗೂ ಗೊತ್ತಿತ್ತು.

ಎರಡು ಗಂಟೆ ಕಾದೆವು. ಶಾಸಕರು ಒಳಗಿನ ಹಾಲಿನಲ್ಲಿ ಬನಿಯನ್ನು, ಪಂಚೆಯಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತಿದ್ದರು. ಕಾಲ ಬಳಿ ಒಬ್ಬ, ಪಕ್ಕದಲ್ಲಿ ಒಬ್ಬ. ಪಕ್ಕದಲ್ಲಿದ್ದವನು ಅವರ ಸಹಾಯಕ, ಬಿಳಿ ಪ್ಯಾಂಟಿನ ಮನುಷ್ಯ. ಯಾರಾದರೂ ಹಾರ ಹಾಕಿದರೆ ಅರೆಗಳಿಗೆಯಲ್ಲಿ ಅವನು ಅದನ್ನು ಕುತ್ತಿಗೆಯಿಂದ ತೆಗೆದು ಗೋಡೆಯ ಮೊಳೆಗೆ ನೇತುಹಾಕುತ್ತಿದ್ದ. ಮೊಳೆ ತುಂಬಿದರೆ ಆಳೊಬ್ಬ ಬಂದು ಹಾರಗಳನ್ನು ಹಿತ್ತಿಲ ಬಾಗಿಲಿನಿಂದ ಒಯ್ಯುತ್ತಿದ್ದ. ಸ್ವಲ್ಪ ಹೊತ್ತಿಗೆ ಜಯಿ ನನ್ನ ಕಿವಿಯಲ್ಲಿ, "ಲೇ ರತ್ನಿ, ಆ ಕೆಂಪು ಕುಚ್ಚು ನೋಡೇ. ಅದೇ ಆರ ಮೂರ್ನೇ ಸಲ ಬತ್ತಾ ಅದೆ," ಅಂದಳು. ನೋಡಿದರೆ ನಿಜ. ಮೂಲೆಯ ಹೂವಿನಂಗಡಿಯಿಂದ ಮುಂಬಾಗಿಲಿಗೆ, ಹಿಂಬಾಗಿಲಿನಿಂದ ಮತ್ತೆ ಅಂಗಡಿಗೆ. ಹೂವು ಕಂದಿ, ಬೆವರು ಹತ್ತಿ, ವಾಸನೆ ಹೊಡೆಯುತ್ತಿತ್ತು. ಅಪ್ಪ ಅದೇನನ್ನೂ ನೋಡಲಿಲ್ಲ. ತಮ್ಮ ಪ್ರಶ್ನೆಗಳಿಗೆ ಅಲ್ಪವಿರಾಮ ಹಾಕುತ್ತಿದ್ದರು.

ಜಯಿ ಇನ್ನೂ ಒಂದು ವಿಷಯ ನೋಡಿದಳು. ಸಹಾಯಕ ಜನರ ಅರ್ಜಿಗಳನ್ನೆಲ್ಲ ಇಸಕೊಂಡು ರಟ್ಟಿನ ಮೇಲೆ ಒಂದರ ಮೇಲೊಂದು ಪೇರಿಸಿ, ಶಾಸಕರ ಮುಂದೆ ಹಿಡಿದು, ಬರೀ ಕೆಳಗಿನ ಮೂಲೆಯನ್ನಷ್ಟೇ ಎತ್ತುತ್ತಿದ್ದ. ಒಂದು ಮೂಲೆ, ಒಂದು ಸಹಿ. ಮುಂದಿನ ಮೂಲೆ, ಮುಂದಿನ ಸಹಿ. ಶಾಸಕರು ಎದುರಿದ್ದವರ ಮುಖ ನೋಡಿಕೊಂಡು, "ಮಾಡ್ಸೋವಾ ಮಾಡ್ಸೋವಾ," ಅನ್ನುತ್ತಲೇ ಗೀಚುತ್ತಿದ್ದರು. ಕಾಗದದಲ್ಲಿ ಏನಿದೆ ಎಂದು ಅವರು ಒಂದು ಸಲವೂ ಕಣ್ಣು ಹಾಯಿಸಲಿಲ್ಲ. ಹನ್ನೆರಡು ಪ್ರಶ್ನೆಯಿಂದ ನಾವು ಕಲಿಯದ ಪೌರನೀತಿಯನ್ನು ಜಯಿ ಆ ಮೂಲೆಯಲ್ಲಿ ಕಲಿತಳು.

ನಮ್ಮ ಸರದಿ ಬಂತು. ಅಪ್ಪ ಮುಂದೆ ಹೋಗಿ, ನೆಟ್ಟಗೆ ನಿಂತು, ಗಂಟಲು ಸರಿಮಾಡಿಕೊಂಡರು. "ಮಾನ್ಯರೇ, ಶಾಸನಸಭೆಯ ಸದಸ್ಯರ ಕರ್ತವ್ಯಗಳಾವುವು?"

"ಆಯ್ತು, ಮಾಡ್ಸೋವಾ," ಅಂದರು ಶಾಸಕರು.

ಅಪ್ಪ ನಮ್ಮ ಕಡೆ ಕೈ ತೋರಿಸಿದರು. "ಅಲ್ಲ, ಇವರು ವಿದ್ಯಾರ್ಥಿನಿಯರು. ಪೌರನೀತಿ ಕಲಿಯೋದಕ್ಕೆ ಬಂದಿದ್ದಾರೆ."

"ಯಾವ ಇಸ್ಕೂಲು?"

"ಯಾವ ಸ್ಕೂಲೂ ಇಲ್ಲ. ಮನೇಲಿ ನಾನೇ ಪಾಠ ಹೇಳ್ತೀನಿ."

"ಅಯ್ಯೋ ಪಾಪ, ಇಸ್ಕೂಲಿಲ್ವಾ?" ಶಾಸಕರ ಕಣ್ಣಲ್ಲಿ ನಿಜವಾಗಿಯೂ ಮರುಕ ಬಂತು. "ಕಟ್ಸೋವಾ ಬುಡಿ. ಲೇ, ಇವ್ರ ಅರ್ಜಿ ಈಸ್ಕಳ್ಳಾ."

ಸಹಾಯಕ ಅಪ್ಪನ ಕೈಯಿಂದ ಪ್ರಶ್ನೆಯ ಹಾಳೆ ಕಿತ್ತುಕೊಂಡು ರಟ್ಟಿನ ಮೇಲಿಟ್ಟ. ಅಪ್ಪ, "ಅದು ಅರ್ಜಿ ಅಲ್ಲ ಸ್ವಾಮಿ, ಅದು..." ಅನ್ನುತ್ತಿದ್ದರು. ಅಷ್ಟರಲ್ಲಿ ಜಯಿ ಗೌಡರ ಕೈಯಿಂದ ಬೆಲ್ಲದ ಗಂಟು ತೆಗೆದುಕೊಂಡು ಮುಂದೆ ಬಂದಳು. ಬಗ್ಗಿ ಗಂಟನ್ನು ಕುರ್ಚಿಯ ಪಕ್ಕ ಇಟ್ಟಳು, ಏಳುವಾಗ ಚೀಲದಿಂದ ತನ್ನ ಅರ್ಜಿ ತೆಗೆದು ಪ್ರಶ್ನೆಯ ಹಾಳೆಯ ಕೆಳಗೆ ಸೇರಿಸಿದಳು. ಒಂದು ಮೂಲೆ, ಒಂದು ಸಹಿ. ಇನ್ನೊಂದು ಮೂಲೆ, ಇನ್ನೊಂದು ಸಹಿ. ಸಹಾಯಕ ಎರಡನ್ನೂ ಕಚೇರಿಗೆ ಕಳಿಸುವ ಚೀಲಕ್ಕೆ ಹಾಕಲು ಹೊರಟಾಗ, "ಅಣ್ಣ, ಕೆಳಗಿಂದು ನಂಗೇ ಬೇಕು," ಎಂದು ಎಳೆದುಕೊಂಡಳು. ಮೇಲಿನದು ಚೀಲಕ್ಕೆ ಹೋಯಿತು. ಅಪ್ಪ ಆಗ ರಾಜ್ಯಪಾಲರ ಅಧಿಕಾರಗಳ ಬಗ್ಗೆ ಮೂರನೇ ಪ್ರಶ್ನೆ ಹೇಳುತ್ತಿದ್ದರು. ಹಿಂದಿನಿಂದ ಯಾರೋ ಅವರನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

ಬಸ್ಸು ಹತ್ತಿ ಹೊರಟೆವು. ಗೆಜ್ಜಲಗೆರೆ ದಾಟಿದ ಮೇಲೆ ಅಪ್ಪ, "ಪ್ರಜಾಪ್ರಭುತ್ವ ಸತ್ತುಹೋಯ್ತು," ಅಂದರು. ಲಲಿತ ಕಿಟಕಿಯಾಚೆ ವಾಂತಿ ಮಾಡಿಕೊಳ್ಳುತ್ತಿದ್ದುದರಿಂದ ಸಂತಾಪ ಸೂಚಿಸಲು ಯಾರಿಗೂ ಪುರುಸೊತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಜಯಿ ಅರ್ಜಿಯನ್ನು ಅಪ್ಪನ ಮೇಜಿನ ಮೇಲೆ ಬಿಚ್ಚಿಟ್ಟಳು. "ನಿಮ್ದೊಂದು ಸಯಿ ಆದ್ರೆ ಆಯ್ತು ಮೇಷ್ಟ್ರೇ." ಅವಳ ಮುಖ ಹೊಳೆಯುತ್ತಿತ್ತು. ಅಪ್ಪ ಶಾಸಕರ ಸಹಿ ನೋಡಿದರು, ಹೇಗೆ ಬಂತು ಎಂದು ಕೇಳಿದರು. ಅವಳು ಏನನ್ನೂ ಮುಚ್ಚಿಡದೆ ಹೇಳಿದಳು. ಅಪ್ಪನ ಕಿವಿ ಕೆಂಪಾಯಿತು.

"ಇದು ವಂಚನೆ."

"ಅವ್ರು ನೋಡ್ದೆ ಆಕುದ್ರು. ನಾನು ಚಿಕ್ಕರಸಿನಕೆರೆಯೋಳು ಅನ್ನಾದು ಸುಳ್ಳಾ ಮೇಷ್ಟ್ರೇ?"

"ಸುಳ್ಳೋ ನಿಜವೋ, ದಾರಿ ಸರಿಯಿಲ್ಲ. ಈ ಕಾಗದದಲ್ಲಿ ನಿನ್ನ ನಡತೆ ಒಳ್ಳೇದು ಅಂತ ನಾನು ಹೇಗಮ್ಮ ಬರೀಲಿ?"

ಇದು ನಡತೆಯ ಮಾತೇ ಅಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ಮೂರು ರಾತ್ರಿ ಕೂತು ಬರೆದ ಪ್ರಶ್ನೆಗಳನ್ನು ಚೀಲಕ್ಕೆ ತುರುಕಿ ಅವರನ್ನು ಪಕ್ಕಕ್ಕೆ ತಳ್ಳಿದ ಮನೆಯಲ್ಲಿ, ಏಳನೇ ಕ್ಲಾಸು ಓದಿದ ಹುಡುಗಿ ತನ್ನ ಕೆಲಸ ಮುಗಿಸಿಕೊಂಡು ಬಂದಿದ್ದಳು. ಇನ್ನೊಂದು ಸಲ ಅವರ ಕುರ್ಚಿ ಎರಡನೇ ಸಾಲಿಗೆ ಹೋಗಿತ್ತು. ಶಾಸಕನ ಮೇಲೆ ತೀರಿಸಿಕೊಳ್ಳಲಾಗದ ಸಿಟ್ಟನ್ನು ಅವರು ಎಲ್ಲಿ ತೀರಿಸಿಕೊಳ್ಳಬಹುದೋ ಅಲ್ಲಿ ತೀರಿಸಿಕೊಂಡರು. ಥೂ ಎಂದು ಈಗ ಅನ್ನುತ್ತೇನೆ. ಆಗ ತಲೆ ತಗ್ಗಿಸಿ ನಿಂತಿದ್ದೆ.

ಮಾರನೆಯ ದಿನ ಚನ್ನೇಗೌಡರು ಬಂದರು. "ಒಂದ್ ಗೀಟು ಸ್ವಾಮಿ, ಎಳ್ದುಬುಡಿ," ಅಂದರು. "ಸಹಿ ಅಂದರೆ ಸತ್ಯ, ಗೌಡರೇ," ಅಂದರು ಅಪ್ಪ. ಅಮ್ಮ ಅಡುಗೆಮನೆಯಿಂದ ಹೊಸ್ತಿಲವರೆಗೂ ಬಂದಳು. ನಡುಮನೆ ಶಾಲೆಯಾದ ಮೇಲೆ ಅವಳು ಅಲ್ಲಿ ಬಾಯಿ ಬಿಟ್ಟದ್ದು ಅದೊಂದೇ ಸಲ. "ಹಾಕಿಬಿಡೀಂದ್ರೆ. ಹೆಣ್ಣುಮಗು, ಅದರ ಬಾಳು." ಅಪ್ಪ ಎದ್ದುಹೋಗಿ ಗಂಟೆ ಹೊಡೆದರು. ನಾವು ಪುಸ್ತಕ ತೆರೆದೆವು. ಗೌಡರು, "ಆಯ್ತು ಬುಡಿ," ಎಂದು ಎದ್ದರು. ಅವರ ದನಿಯಲ್ಲಿ ಬೇಸರಕ್ಕಿಂತ ನಿರಾಳವೇ ಹೆಚ್ಚಿತ್ತು ಎಂದು ನನಗನ್ನಿಸಿತು.

ಕೊನೆಯ ದಿನಕ್ಕೆ ಮೂರು ದಿನ ಇತ್ತು. ಅರ್ಜಿ ಅಪ್ಪನ ಮೇಜಿನ ಮೇಲೆ ಗಾಜಿನ ಗುಂಡಿನ ಕೆಳಗೇ ಇತ್ತು. ಮನಸ್ಸು ಬದಲಾದೀತು ಎಂದು ಜಯಿ ದಿನಾ ಬರುತ್ತಿದ್ದಳು, ಯಾರೂ ಹೇಳದಿದ್ದರೂ ಅಮ್ಮನಿಗೆ ಅವರೆಕಾಯಿ ಸುಲಿದುಕೊಡುತ್ತಿದ್ದಳು. ಕೊನೆಯ ಮಧ್ಯಾಹ್ನ ಅಪ್ಪ ಊಟ ಮಾಡಿ ಮಲಗಿದ್ದರು, ಗೊರಕೆ ಕೇಳುತ್ತಿತ್ತು. ಅವರ ಸಹಿ ನನಗೆ ಬರುತ್ತಿತ್ತು. ಗ್ರಂಥಾಲಯದ ರಿಜಿಸ್ಟರಿನಲ್ಲಿ ಅವರ ಸಹಿಯನ್ನು ಎರಡು ವರ್ಷದಿಂದ ನಾನೇ ಹಾಕುತ್ತಿದ್ದೆ. ನಡೆದು ಹೋಗಲು ಸೋಮಾರಿತನ, ಅವರೇ ಹೇಳಿಕೊಟ್ಟಿದ್ದರು. ಸಹಿ ಅಂದರೆ ಸತ್ಯ ಎಂದ ಮಹಾಶಯರು.

ಕುರ್ಚಿಯ ಮೇಲೆ ಕೂತೆ. ಪೆನ್ನಿನ ಮುಚ್ಚಳ ತೆಗೆದೆ. ಗಾಜಿನ ಗುಂಡು ಪಕ್ಕಕ್ಕಿಟ್ಟೆ. ಕಿಟಕಿಯಾಚೆ ಜಗಲಿಯ ಮೇಲೆ ಜಯಿ ನನಗೆ ಬೆನ್ನು ಹಾಕಿ ಅವರೆಕಾಯಿ ಸುಲಿಯುತ್ತಿದ್ದಳು. ತಾಂಬಾಳಕ್ಕೆ ಕಾಳು ಬೀಳುವ ಸದ್ದು ಕೇಳುತ್ತಿತ್ತು. ಪೆನ್ನಿನ ಮುಚ್ಚಳ ಹಾಕಿದೆ. ಗುಂಡನ್ನು ಇದ್ದಲ್ಲೇ ಇಟ್ಟು ಎದ್ದೆ.

ಸಂಕ್ರಾಂತಿ ಕಳೆದು ಮಳವಳ್ಳಿಯಲ್ಲಿ ಜಯಿಯ ಮದುವೆಯಾಯಿತು. ಅಪ್ಪ ಹೋಗಲಿಲ್ಲ, ನಮ್ಮನ್ನೂ ಕಳಿಸಲಿಲ್ಲ. ಅದಾದ ತಿಂಗಳಿಗೆ ಸರ್ಕಾರದಿಂದ ಒಂದು ಲಕೋಟೆ ಬಂತು. ತಾವು ಶಾಸಕರ ಶಿಫಾರಸಿನೊಂದಿಗೆ ಸಲ್ಲಿಸಿರುವ ಅರ್ಜಿಯನ್ನು ಪರಿಶೀಲಿಸಲಾಗಿ, ಅದರಲ್ಲಿ ಕೋರಿರುವ ಹನ್ನೆರಡು ಬಾಬತ್ತುಗಳಿಗೂ ಈ ಸಾಲಿನಲ್ಲಿ ಅನುದಾನ ಇರುವುದಿಲ್ಲ ಎಂದು ತಿಳಿಸಿದ್ದರು. ಮಸೂದೆಯ ಹಂತಗಳಿಗೂ ಅನುದಾನವಿಲ್ಲ, ರಾಜ್ಯಪಾಲರಿಗೂ ಇಲ್ಲ. ಅಪ್ಪ ನಾಚಿಕೊಳ್ಳುತ್ತಾರೆ ಎಂದುಕೊಂಡೆ. ಅವರು ಆ ಕಾಗದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರು. ಬಂದವರಿಗೆಲ್ಲ, "ಸರ್ಕಾರದ ಜೊತೆ ನನ್ನ ಪತ್ರವ್ಯವಹಾರ," ಎಂದು ತೋರಿಸುತ್ತಿದ್ದರು. ಸಾಯುವವರೆಗೂ ಅದು ಅಲ್ಲೇ ಇತ್ತು.

ನಾನು ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ಮುಂದೆ ಓದಿ, ಮೇಷ್ಟ್ರಾಗಿ, ಕೊನೆಗೆ ಒಂದು ಕಾಲೇಜಿನ ಪ್ರಿನ್ಸಿಪಾಲೂ ಆದೆ, ಗೆಜೆಟೆಡ್, ಹಸಿರು ಇಂಕು. ಜೂನ್ ತಿಂಗಳಲ್ಲಿ ನಮ್ಮ ಅಟೆಂಡರು ನಡತೆ ಪತ್ರಗಳ ಕಟ್ಟು ತಂದು, ಕೆಳಗಿನ ಮೂಲೆಯನ್ನಷ್ಟೇ ಎತ್ತಿ ಹಿಡಿಯುತ್ತಿದ್ದ. ನಾನು ಫೋನಿನಲ್ಲಿ ಮಾತಾಡುತ್ತ ಗೀಚುತ್ತಿದ್ದೆ. ಮುಖ ನೋಡದ ಎಷ್ಟು ಹುಡುಗರ ನಡತೆ ಒಳ್ಳೆಯದು ಎಂದು ಬರೆದುಕೊಟ್ಟಿದ್ದೇನೋ ಲೆಕ್ಕವಿಲ್ಲ.

ಹೋದ ತಿಂಗಳು ಆ ಮದುವೆಯಲ್ಲಿ ನಲ್ಲಿಯ ಬಳಿ ಸೆರಗು ಮೂಗಿಗೆ ಹಿಡಿದು ನಿಂತಿದ್ದಾಗ ಹಿಂದಿನಿಂದ ಯಾರೋ ಬೆನ್ನಿಗೆ ಗುದ್ದಿದರು. "ಏನೇ ರತ್ನಿ, ಪ್ರಿನ್ಸಿಪಾಲಮ್ಮ, ಅದೇ ಆರ ಅಂತ ನೋಡ್ತಾ ಇದ್ದೀಯಾ?" ಜಯಿ. ತಲೆ ಪೂರ್ತಿ ಬೆಳ್ಳಗಾಗಿದೆ, ಹಣೆಯಲ್ಲಿ ದೊಡ್ಡ ಕುಂಕುಮ, ನಗು ಮಾತ್ರ ಅದೇ. ಮೂರು ಮಕ್ಕಳು, ಐದು ಮೊಮ್ಮಕ್ಕಳು ಎಂದಳು. ಗಂಡ ಒಳ್ಳೆಯವನಂತೆ, ತೀರಿಕೊಂಡು ನಾಲ್ಕು ವರ್ಷವಾಯಿತಂತೆ, ಕುಂಕುಮ ಮಾತ್ರ ಇವಳು ಬಿಡಲಿಲ್ಲವಂತೆ. ಮೊಮ್ಮಕ್ಕಳಿಗೆ ಲೆಕ್ಕ ಈಗಲೂ ತಾನೇ ಹೇಳಿಕೊಡುವುದಂತೆ.

ಪಂಕ್ತಿಯಲ್ಲಿ ಪಕ್ಕದಲ್ಲೇ ಕೂರಿಸಿಕೊಂಡಳು. ಎಲೆಗೆ ನೀರು ಚಿಮುಕಿಸುತ್ತ, "ನಿಮ್ಮಪ್ಪಂಗೆ ಬೋ ವರ್ಸ ಸಾಪ ಆಕಿವ್ನಿ ಕಣೆ," ಅಂದಳು. "ಆಮೇಕೆ ಬುಟ್ಬುಟ್ಟೆ. ಸತ್ತೋರ್ ಮೇಲೆ ಎಂತದು. ನಿನ್ ಮೇಲೆ ಮಾತ್ರ ಯಾವತ್ತೂ ಕ್ವಾಪ ಬರ್ನಿಲ್ಲ ನಂಗೆ. ನೀನಾರ ಏನ್ ಮಾಡಕಾಯ್ತಿತ್ತು, ಏಳು?"

ಅಪ್ಪನಿಗೆ ಹೆದರಿ ಪೆನ್ನು ಮುಚ್ಚಿದೆ ಎಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡಿದ್ದೆ. ಅದು ಸುಳ್ಳು. ಅಪ್ಪ ಗೊರಕೆ ಹೊಡೆಯುತ್ತಿದ್ದರು, ಅರ್ಜಿ ಮಂಡ್ಯ ಸೇರಿದ ಮೇಲೆ ಅವರು ಏನೂ ಮಾಡುವಂತಿರಲಿಲ್ಲ. ಪರೀಕ್ಷೆಗೆ ಕೂತರೆ ಜಯಿ ನನಗಿಂತ ಹೆಚ್ಚು ಅಂಕ ತೆಗೆಯುತ್ತಾಳೆ ಎಂದು ನನಗೆ ಗೊತ್ತಿತ್ತು. ಅಷ್ಟಕ್ಕೇ ಮುಚ್ಚಿದೆ.

"ಹೌದು ಕಣೆ," ಅಂದೆ. "ನಾನೇನು ಮಾಡೋ ಹಾಗಿತ್ತು."

ಜಯಿ ತಲೆಯಾಡಿಸಿದಳು. ಬಡಿಸುವವನನ್ನು ಕೂಗಿ ಕರೆದು, "ನಮ್ ಮೇಷ್ಟ್ರ ಮಗಳು ಕಣಪ್ಪ, ಇನ್ನೊಂದು ಒಬ್ಬಟ್ಟು ಇಕ್ಕು," ಅಂದಳು. ಅವನು ಹಾಕಿದ. ತಾನೇ ಕೈಯಾರೆ ಅದರ ಮೇಲೆ ತುಪ್ಪ ಸುರಿದಳು. ನಾನು ತಿಂದೆ.